ಹಳ್ಳದ ನಡುವಿನ ನೀಲಿ ಚುಕ್ಕಿ

ಧಾರವಾಡ ಬಿಟ್ಟಾಗ ಹನ್ನೊಂದೂವರೆ ಆಗಿತ್ತು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ, ಮನೆಗೂ ಹೋಗದೆ, ಕೈಗೆ ಹತ್ತಿದ ಬಣ್ಣವನ್ನೂ ತೊಳೆಯದೆ ಹುಬ್ಬಳ್ಳಿ ಬಸ್ಸು ಹತ್ತಿದೆ. ನಾನು ಚಿತ್ರಕಲಾ ಶಿಕ್ಷಕ. ಬಿಸಿಲು ಚುರುಗುಟ್ಟುತ್ತಿತ್ತು. ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಇಂಥ ದಿನ ಹಳ್ಳಕ್ಕೆ ನೀರು ಬರುವುದೆಂದರೆ ಹೇಗೆ ಎಂಬುದೇ ನನಗೆ ಅರ್ಥವಾಗಿರಲಿಲ್ಲ.

ನನ್ನ ತಂಗಿ ಸವಿತಾಳನ್ನು ಗುಡಗೇರಿಯಿಂದ ಆರು ಕಿಲೋಮೀಟರ್ ದೂರದ ಹಳ್ಳಿಗೆ ಕೊಟ್ಟಿದ್ದೇವೆ. ಅವಳ ಗಂಡ ಬಸ್ ಡ್ರೈವರ್. ಅವಳದು ಹೊಲದಿಂದ ಹೊಲಕ್ಕೆ ಹೋಗಿ, ಯಾವ ಬೆಳೆ ಇದೆ ಎಂದು ಫೋನಿನಲ್ಲಿ ಫೋಟೋ ಸಮೇತ ದಾಖಲಿಸುವ ಕೆಲಸ. ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇಂಜೆಕ್ಷನ್ ತೆಗೆದುಕೊಂಡರೆ ಹೊತ್ತಿಗೆ ಸರಿಯಾಗಿ ಊಟ ಮಾಡಲೇಬೇಕು. ಹೋದ ವರ್ಷ ಮೆಣಸಿನ ಹೊಲದಲ್ಲಿ ಒಬ್ಬಳೇ ತಲೆತಿರುಗಿ ಬಿದ್ದಿದ್ದಳು. ಆಮೇಲೆ ನಾನೇ ಹಟ ಹಿಡಿದು, ಅವಳು ಎಲ್ಲಿದ್ದಾಳೆಂಬುದು ನನ್ನ ಫೋನಿನ ನಕ್ಷೆಯಲ್ಲಿ ಸದಾ ಕಾಣುವಂತೆ ಮಾಡಿಸಿದ್ದೆ. ಅಂದಿನಿಂದ ಅವಳು ನನ್ನ ಪಾಲಿಗೆ ಒಂದು ನೀಲಿ ಚುಕ್ಕಿ. ಪಾಠದ ನಡುವೆಯೂ ತೆಗೆದು ನೋಡುತ್ತಿದ್ದೆ. ಚುಕ್ಕಿ ಸರಿದರೆ ಸಮಾಧಾನ.

ಆ ದಿನ ಹತ್ತೂ ಮುಕ್ಕಾಲಿಗೆ ಫೋನ್ ಮಾಡಿದಾಗ ಅವಳು, "ಅಣ್ಣಾ, ಹಳ್ಳಕ್ಕ ನೀರು ಬರಾಕ್ಹತ್ತೈತಿ, ಆಮ್ಯಾಲೆ ಮಾತಾಡ್ತೀನಿ" ಎಂದು ಇಟ್ಟುಬಿಟ್ಟಳು. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದರೆ ಸ್ವಿಚ್ ಆಫ್. ಚುಕ್ಕಿ ಹಳ್ಳದ ಗೆರೆಯ ಮೇಲೆ ನಿಂತಿತ್ತು. ದಂಡೆಯಲ್ಲಲ್ಲ, ಗೆರೆಯ ಮೇಲೇ. ಅವಳ ಗಂಡನಿಗೆ ಫೋನ್ ಹಚ್ಚಿದೆ. ಡ್ಯೂಟಿಯ ಮೇಲಿದ್ದಾಗ ಅವನು ಫೋನ್ ಎತ್ತುವುದಿಲ್ಲ.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಹತ್ತು ರೂಪಾಯಿಯ ಟಿಕೆಟ್ ತೆಗೆದುಕೊಂಡು ಪ್ಯಾಸೆಂಜರ್ ಗಾಡಿ ಹತ್ತಿದೆ. ಕಿಟಕಿಯ ಬಾಜು ಜಾಗ ಸಿಕ್ಕರೂ ಹೊರಗೆ ನೋಡಲಿಲ್ಲ. ಫೋನಿನಲ್ಲಿ ನನ್ನದೂ ಒಂದು ಚುಕ್ಕಿ ಇತ್ತು. ಅದು ಹಳಿಗುಂಟ ತೆವಳುತ್ತ ದಕ್ಷಿಣಕ್ಕೆ ಹೊರಟಿತ್ತು. ಎರಡು ಚುಕ್ಕಿಗಳ ನಡುವೆ ಮೂರು ಬೆರಳಿನಷ್ಟು ಅಂತರ. ಎರಡು ಬೆರಳಿನಿಂದ ಹಿಗ್ಗಿಸಿದರೆ ತಂಗಿ ಗಾವುದ ದೂರ ಹೋಗುವಳು, ಕುಗ್ಗಿಸಿದರೆ ನನ್ನ ಮಗ್ಗುಲಿಗೇ ಬರುವಳು. ಕುಂದಗೋಳದಲ್ಲಿ ಗಾಡಿ ನಿಂತೇ ಇದ್ದರೂ ನನ್ನ ಚುಕ್ಕಿ ಮುಂದೆ ಹೋಗಿ ಯಾರದೋ ಹತ್ತಿ ಹೊಲದಲ್ಲಿ ನಿಂತಿತು. ಆಮೇಲೆ ತಪ್ಪಿನ ಅರಿವಾದಂತೆ ಹಿಂದಕ್ಕೆ ಜಿಗಿಯಿತು. ಅದನ್ನು ಕಂಡು ಮೊದಲ ಸಲ ಹೆದರಿಕೆಯ ಜೊತೆ ಒಂದಿಷ್ಟು ಆಸೆಯೂ ಹುಟ್ಟಿತು. ನನ್ನದೇ ತಪ್ಪಿದೆ ಎಂದಮೇಲೆ ಅವಳದೂ ತಪ್ಪಿರಬಹುದಲ್ಲ?

ಎದುರಿಗೆ ಮೆಣಸಿನಕಾಯಿ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸು ಕೇಳಿದಳು: "ಯಾರಿಗೆ ಏನಾಗೈತ್ರಿ? ಆಗಿಂದ ನೋಡಾಕ್ಹತ್ತೇನಿ, ತಲಿ ಎತ್ತವಲ್ರಿ."

ಹೇಳಿದೆ.

"ರಾತ್ರಿ ಶಿಗ್ಗಾವಿ ಕಡೆ ಅಗದಿ ಜೋರ ಮಳಿ ಆಗೇತ್ರಿ. ಆ ನೀರು ಈಗ ಇಲ್ಲಿಗೆ ಮುಟ್ಟೈತಿ" ಎಂದು ನನ್ನ ಫೋನಿನತ್ತ ಬಾಗಿದಳು. "ಇದರಾಗ ನೀರು ಎಷ್ಟ ಬಂದೈತಿ ಅಂತ ಕಾಣ್ತೈತೇನ್ರಿ?"

ಕಾಣುತ್ತಿರಲಿಲ್ಲ. ಬೇಸಿಗೆಯಲ್ಲಿ ಎಷ್ಟು ತೆಳ್ಳಗಿತ್ತೋ ಈಗಲೂ ಆ ಗೆರೆ ಅಷ್ಟೇ ತೆಳ್ಳಗಿತ್ತು. ಚುಕ್ಕಿಯನ್ನು ಒತ್ತಿದೆ. ಕೊನೆಯ ಬಾರಿ ಕಂಡದ್ದು ಎರಡು ತಾಸಿನ ಹಿಂದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಇಷ್ಟು ದಿನ ಆ ಅಕ್ಷರಗಳನ್ನು ನಾನು ಓದಿಯೇ ಇರಲಿಲ್ಲ.

ಸಂಶಿ ದಾಟಿದ ಮೇಲೆ ಸವಿತಾಳ ನೆರೆಮನೆಯ ಖಾದರ್ ಕಾಕಾ ಫೋನಿಗೆ ಸಿಕ್ಕರು; ವಿಷಯ ಹೇಳಿ ಸ್ಟೇಷನ್ನಿಗೆ ಬರಲು ಕೇಳಿಕೊಂಡೆ. ಗುಡಗೇರಿ ಸ್ಟೇಷನ್ನಿನ ಹೊರಗೆ ಅವರು ಟ್ರ್ಯಾಕ್ಟರ್ ಚಾಲೂ ಇಟ್ಟುಕೊಂಡೇ ನಿಂತಿದ್ದರು. ಅರವತ್ತು ದಾಟಿದ ಮನುಷ್ಯ. ಕಿಸೆಯಲ್ಲಿ ಗುಂಡಿ ಒತ್ತುವ ಹಳೇ ಫೋನು. ನಾನು ನನ್ನ ಫೋನನ್ನು ಅವರ ಮುಖದ ಮುಂದೆ ಹಿಡಿದೆ.

"ಚುಕ್ಕಿ ತಗೊಂಡು ನಾ ಏನ ಮಾಡ್ಲಿರಿ ಸರ್? ಯಾರ ಹೊಲ ಅಂತ ಹೇಳ್ರಿ" ಅಂದರು.

ನನಗೆ ಗೊತ್ತಿರಲಿಲ್ಲ. ಒಂದು ವರ್ಷದಿಂದ ದಿನಕ್ಕೆ ಹತ್ತು ಸಲ ನೋಡಿದ ನಕ್ಷೆ. ಯಾವ ಹೊಲ ಯಾರದೆಂದು ಒಮ್ಮೆಯೂ ಕೇಳಿರಲಿಲ್ಲ. ಮೇಲಿನಿಂದ ತೆಗೆದ ಚಿತ್ರವನ್ನು ತೋರಿಸಿ, ಇಲ್ಲೊಂದು ದೊಡ್ಡ ಗಿಡ ಇದೆ ಎಂದೆ.

"ಹುಣಸಿ ಗಿಡ. ಹಂಗಾರ ಆಕಿ ಗಿಡದ ಮ್ಯಾಲಿನ ಕಡೆ ಅದಾಳೋ, ಕೆಳಗಿನ ಕಡೆ ಅದಾಳೋ? ಮ್ಯಾಲಿದ್ರ ಕಾಳಜಿ ಇಲ್ಲ. ಕೆಳಗಿದ್ರ..."

ಉತ್ತರ ಯಾವುದು, ದಕ್ಷಿಣ ಯಾವುದು ಎಂದು ಹೇಳಬಲ್ಲವನಾಗಿದ್ದೆ. ಮೇಲು ಯಾವುದು, ಕೆಳಗು ಯಾವುದು ಎಂದು ಹೇಳಲಾಗಲಿಲ್ಲ. ಹದ್ದಿನ ಕಣ್ಣಿಗೆ ಇಳಿಜಾರು ಕಾಣುವುದಿಲ್ಲ. ದೂರದ್ದನ್ನು ಚಿಕ್ಕದಾಗಿ, ಹತ್ತಿರದ್ದನ್ನು ದೊಡ್ಡದಾಗಿ ಬರೆಯಿರಿ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿರುವ ನಾನು, ಹತ್ತಿರವೂ ಇಲ್ಲದ ದೂರವೂ ಇಲ್ಲದ ಒಂದು ಚಿತ್ರ ಹಿಡಿದು ಟ್ರ್ಯಾಕ್ಟರಿನ ಮಡ್ಗಾರ್ಡ್ ಮೇಲೆ ಕೂತೆ.

ಕಪ್ಪು ಎರಿ ಮಣ್ಣಿನ ದಾರಿ. ಒಣಗಿದ ಗಾಲಿಯ ಗುರುತುಗಳಲ್ಲಿ ಟ್ರ್ಯಾಕ್ಟರ್ ಎತ್ತಿ ಎತ್ತಿ ಹಾಕುತ್ತಿತ್ತು. ಎರಡೂ ಕಡೆ ಶೇಂಗಾ, ಮೆಣಸು, ಹತ್ತಿ. ಹಳ್ಳ ಕಾಣುವ ಮೊದಲೇ ಅದರ ಸಪ್ಪಳ ಕೇಳಿಸಿತು. ದಂಡೆಗೆ ಬಂದಾಗ ಗಂಟೆ ಎರಡೂ ಕಾಲಾಗಿತ್ತು. ಕೆಂಪು ನೀರು ಹೊಲದಷ್ಟು ಅಗಲಕ್ಕೆ ಹರಿಯುತ್ತಿತ್ತು. ಜಾಲಿಯ ಕಂಟಿಗಳು ಬೇರು ಸಮೇತ ಉರುಳಿಕೊಂಡು ಹೋಗುತ್ತಿದ್ದವು. ತಂಗಿಯ ಚುಕ್ಕಿ ನನ್ನಿಂದ ಅರವತ್ತು ಮೀಟರ್ ಮುಂದಿತ್ತು. ಅರವತ್ತು ಮೀಟರ್ ಮುಂದೆ ಇದ್ದದ್ದು ಬರೀ ನೀರು.

ದಂಡೆಯ ಮೇಲೇ ಕೂತುಬಿಟ್ಟೆ. ಸವಿತಾ ಎಂದು ಕೂಗಿದ್ದು ನನಗೇ ಕೇಳಿಸಲಿಲ್ಲ.

"ಆ ಫೋನ ಕಿಸೇದಾಗ ಇಡ್ರಿ" ಎಂದು ಕಾಕಾ ಗದರಿದರು. ಅವರು ಹಣೆಗೆ ಕೈ ಅಡ್ಡ ಹಿಡಿದು ಆಚೆ ದಡವನ್ನು ಉದ್ದಕ್ಕೂ ನೋಡುತ್ತಿದ್ದರು. "ಹುಣಸಿ ಗಿಡದ ಮ್ಯಾಲಿನ ಕಡೆ ಪಂಪಿನ ಮನಿ ಐತಿ. ಬಾಗಿಲಾ ತೆರದೈತಿ, ನೋಡ್ರಿ. ಅದರ ಮಾಲಕ ಊರಾಗಿಲ್ಲ. ತೆರದವರು ಯಾರು? ಏಳ್ರಿ, ಸುತ್ತು ಹಾಕಿ ಹೋಗೂಣು."

ಸೇತುವೆಯ ಮೇಲೆ ಸುತ್ತಿ ಬರಲು ಹನ್ನೊಂದು ಕಿಲೋಮೀಟರ್. ಮುಕ್ಕಾಲು ತಾಸು ಹಿಡಿಯಿತು. ತೆರೆದ ಬಾಗಿಲೊಂದನ್ನು ನಂಬಿಕೊಂಡು, ಹಲ್ಲು ಕಚ್ಚಿ ಕೂತಿದ್ದೆ.

ಪಂಪಿನ ಮನೆಯ ಕಟ್ಟೆಯ ಮೇಲೆ ಸವಿತಾ ಕೆಸರು ಮೆತ್ತಿದ ಸೀರೆಯಲ್ಲಿ ಕೂತು ಹಸಿ ಶೇಂಗಾ ಸುಲಿದು ತಿನ್ನುತ್ತಿದ್ದಳು. ಮಗ್ಗುಲಲ್ಲಿ ಕಳೆ ತೆಗೆಯಲು ಬಂದಿದ್ದ ಗಂಗವ್ವ ಎಂಬ ಮುದುಕಿ, ಅವಳ ಮಡಿಲಿಗೆ ಇನ್ನಷ್ಟು ಬಳ್ಳಿ ಕಿತ್ತು ಹಾಕುತ್ತಿದ್ದಳು.

"ಅಣ್ಣಾ, ನೀ ಯಾಕ ಬಂದ್ಯೋ?" ಎಂದು ಸವಿತಾ ಎದ್ದಳು. ಬುತ್ತಿಯ ಚೀಲ ನೀರು ಪಾಲಾಗಿತ್ತಂತೆ. ಗಂಗವ್ವನ ಹತ್ತಿರ ಫೋನಿರಲಿಲ್ಲ, ನೀರು ಇಳಿಯಲೆಂದು ಇಬ್ಬರೂ ಕಾದಿದ್ದರಂತೆ. ಕಾಕಾ ಕಿಸೆಯಿಂದ ಬೆಲ್ಲದ ತುಂಡು ತೆಗೆದುಕೊಟ್ಟರು.

ಸಿಟ್ಟಿನಿಂದ ನಾನು ಫೋನ್ ತೋರಿಸಿದೆ. "ಇಲ್ಲಿ ನೋಡು. ಇನ್ನೂ ನೀ ಹಳ್ಳದಾಗ ಅದಿ."

ಅವಳು ಬಾಗಿ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು: "ಖರೇನ ಅದಣ್ಣಾ. ಅಲ್ಲೇ ಇದ್ದೆ. ದಂಡಿ ಕೊರದು ಈ ಹೊಲದ ಅಂಚು ಹಳ್ಳದಾಗ ಹೋಗೇತಿ. ಫೋನಿನ್ಯಾಗ ಮಾತ್ರ ಇನ್ನೂ ಹೊಲಾನ ಐತಿ. ಹೊಲದ ಗಡಿಯೊಳಗ ನಿಲ್ಲದ ಬೆಳಿ ಫೋಟೋ ತಗೊಳ್ಳಾಕ ಬರೂದಿಲ್ಲ; ನಾ ಗಡಿಯೊಳಗ ನಿಂತೇನಿ ಅಂತ ಅದು ಒಪ್ಪವಲ್ದು. ಇನ್ನೆರಡು ಹೆಜ್ಜಿ ಅಂತ ಅದನ್ನ ನೋಡ್ಕೋತ ಇಳದೆ. ನೀರು ಮೊಳಕಾಲಿಗೆ ಬಂದದ್ದು ಗೊತ್ತಾಗಲಿಲ್ಲ. ಒಮ್ಮಿಂದೊಮ್ಮೆಲೆ ಸೊಂಟದ ಮಟ ಬಂತು."

"ನಾ ಜಡಿ ಹಿಡದು ಎಳದೆ" ಅಂದಳು ಗಂಗವ್ವ. "ಫೋನ ಹಿಡೀಲಿಕ್ಕೆ ಹೊಂಟಿದ್ಲು ಖೋಡಿ. ಬಿಡಽ ಅದನ್ನ ಅಂತ ಬೈದೆ."

ಅವಳು ನೀರಿನಲ್ಲಿ ಇದ್ದದ್ದು ಎರಡು ನಿಮಿಷವೂ ಇಲ್ಲ. ಗಂಗವ್ವ ಅವಳನ್ನು ಎಳೆದು, ಬೈದು, ಬಿಸಿಲಿಗೆ ಕೂರಿಸಿ, ಶೇಂಗಾ ತಿನ್ನಿಸುತ್ತಿದ್ದ ಹೊತ್ತಿಗೆ ನಾನು ಇನ್ನೂ ಹುಬ್ಬಳ್ಳಿಯನ್ನೇ ಮುಟ್ಟಿರಲಿಲ್ಲ. ತಂಗಿ ದಾಟಿ ಬಂದ ಆ ಜಾಗದಲ್ಲಿ ನಾನು ನಾಲ್ಕು ತಾಸು ಮುಳುಗಿದ್ದೆ. ಮುದುಕಿಯ ಕಾಲು ಮುಟ್ಟಲು ಬಾಗಿದೆ. "ಏ, ಬ್ಯಾಡ್ರಿ, ಏಳ್ರಿ" ಎಂದು ಆಕೆ ಹಿಂದೆ ಸರಿದಳು.

ರಾತ್ರಿ ಸವಿತಾಳ ಮನೆಯಲ್ಲಿ ಉಳಿದೆ. ಮರುದಿನ ಬೆಳಿಗ್ಗೆ ಹೊರಡುವಾಗ, ಹೊಸ ಫೋನ್ ತೆಗೆದುಕೊಂಡ ಕೂಡಲೇ ಮೊದಲಿನ ಹಾಗೆ ಚುಕ್ಕಿ ಕಾಣುವಂತೆ ಮಾಡಿಬಿಡು ಎಂದೆ.

"ಬ್ಯಾಡಣ್ಣಾ" ಅಂದಳು. "ನೀ ಅಲ್ಲಿ ಕುಂತು ನನ್ನ ಕಾಯಾಕ ಆಗೂದಿಲ್ಲ. ಗಂಗವ್ವನ ಜೋಡಿನಽ ಹೋಗ್ತೀನಿ. ಸಂಜೀಕ ಫೋನ್ ಮಾಡ್ತೀನಿ."

ವಾದಿಸಿದೆ. ಅವಳು ಒಪ್ಪಲಿಲ್ಲ.

ಗುಡಗೇರಿ ಬಿಟ್ಟ ಗಾಡಿಯಲ್ಲಿ ಕಿಟಕಿಯ ಬಾಜು ಕೂತೆ. ಕೈ ತಾನಾಗಿ ಎರಡು ಸಲ ಕಿಸೆಗೆ ಹೋಯಿತು. ದೂರದ ಮೆಣಸಿನ ಹೊಲದಲ್ಲಿ ಹೆಂಗಸರು ಸಾಲಾಗಿ ಬಗ್ಗಿದ್ದರು, ಬೆರಳಿನ ಉಗುರಿನಷ್ಟು ಚಿಕ್ಕವರಾಗಿ. ಒಬ್ಬಳು ನೆಟ್ಟಗಾಗಿ ಸೊಂಟಕ್ಕೆ ಕೈಕೊಟ್ಟು ಗಾಡಿಯ ಕಡೆ ನೋಡಿದಳು. ಯಾರೋ ಗೊತ್ತಾಗಲಿಲ್ಲ. ಅವಳು ಮತ್ತೆ ಬಗ್ಗುವವರೆಗೂ ನೋಡುತ್ತಲೇ ಇದ್ದೆ. ಗಂಟೆ ಇನ್ನೂ ಹತ್ತಾಗಿರಲಿಲ್ಲ. ಸಂಜೆಗೆ ಬಹಳ ಹೊತ್ತಿತ್ತು.