ಖೈರುನ್‌ಬೀಯವರ ಬಲಭುಜ

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ನಿಂತು ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಧಾರವಾಡದಿಂದ ಇಲ್ಲಿನ ಕಾಲೇಜಿಗೆ ಪಾಠ ಹೇಳಲು ಬಂದು ಹನ್ನೊಂದು ದಿನವಾಗಿತ್ತು. ಹಿಂದಿನಿಂದ ಯಾರೋ ನನ್ನ ತೋಳು ಹಿಡಿದು ಜಗ್ಗಿದರು. ಎಂಟು ವರ್ಷ ಕರಾಟೆ ಕಲಿತ ಮೊಣಕೈ ನನ್ನನ್ನು ಕೇಳದೆ ಹಿಂದಕ್ಕೆ ಹೋಯಿತು. ತಿರುಗಿ ನೋಡಿದರೆ ಐವತ್ತು ದಾಟಿದ ಹೆಂಗಸೊಬ್ಬರು ಭುಜ ಹಿಡಿದುಕೊಂಡು ನೆಲದ ಮೇಲೆ ಬಿದ್ದಿದ್ದರು. ನಾನು ನಿಂತಿದ್ದ ಜಾಗಕ್ಕೇ ಬಸ್ಸೊಂದು ಹಿಂದಕ್ಕೆ ಬಂದು ನಿಂತಿತ್ತು. ಚಕ್ರಕ್ಕೂ ಅವರ ತಲೆಗೂ ನಡುವೆ ಒಂದು ಗೇಣು.

"ಏನಮ್ಮಾ ನೀನು, ಉಳಿಸಕ್ಕೆ ಬಂದೋರ್ಗೇ ಹೊಡೀತೀಯಲ್ಲ!" ಎಂದು ಕಂಡಕ್ಟರ್ ಕೂಗಿದ. ಗುಂಪಿನಲ್ಲಿ ಯಾರೋ ತೆಲುಗಿನಲ್ಲಿ ಏನೋ ಅಂದರು, ಎಲ್ಲರೂ ನಕ್ಕರು. ನನಗೊಬ್ಬಳಿಗೇ ಅರ್ಥವಾಗಲಿಲ್ಲ.

ಅವರು ಖೈರುನ್‌ಬೀ, ರೇಷ್ಮೆಗೂಡಿನಿಂದ ನೂಲು ಬಿಚ್ಚುವವರು. ಮೂಳೆ ಮುರಿದಿರಲಿಲ್ಲ, ಆದರೆ ಬಲಗೈ ಎದೆಗಿಂತ ಮೇಲೆ ಏರುತ್ತಿರಲಿಲ್ಲ. ಎಣ್ಣೆ ಹಚ್ಚಿ ನೀವಿ, ದಿನಕ್ಕಿಷ್ಟು ಎತ್ತಿಸಬೇಕು ಎಂದರು ಡಾಕ್ಟರು. ಕೈ ಏರದಿದ್ದರೆ ಅವರಿಗೆ ಕೆಲಸವಿಲ್ಲ.

"ಬಿಟ್ಟು ಬಂದಬಿಡು, ಆ ಊರ ಬ್ಯಾಡ ನಿನಗ" ಎಂದಳು ಅವ್ವ. ಖೈರುನ್‌ಬೀಯವರ ಕೈ ಸರಿಯಾದ ದಿನವೇ ಊರಿಗೆ ವಾಪಸ್ ಬರುತ್ತೇನೆಂದು ಮಾತು ಕೊಟ್ಟೆ. ಕಣ್ಣು ಮುಚ್ಚಿದರೆ ಚಕ್ರ ಉರುಳುತ್ತಿತ್ತು. ಒಂದು ರಾತ್ರಿಯೂ ಪೂರ್ತಿ ನಿದ್ದೆಯಿಲ್ಲ.

ಭುಜ ನೀವಲು ಯಾರನ್ನಾದರೂ ಕಳಿಸುತ್ತೇನೆಂದು ಹೇಳಲು ಅವರ ಮನೆಗೆ ಹೋದೆ. "ಯಾರನ್ನೋ ಯಾಕಮ್ಮಾ ಕಳಿಸ್ತೀಯಾ? ಹೊಡೆದಿದ್ದು ನಿನ್ ಕೈ ತಾನೇ? ಅದೇ ಒತ್ಲಿ. ಇಲ್ದಿದ್ರೆ ಅದರ ಭಯ ಹೋಗಲ್ಲ" ಎಂದರು.

ಅಂದಿನಿಂದ ದಿನವೂ ಕಾಲೇಜು ಮುಗಿಸಿ ಅಲ್ಲಿಗೆ. ಮೊದಲ ದಿನ ನೋವಾದೀತೆಂದು ಮೇಲೆಮೇಲೆ ಸವರಿದೆ. ಅವರು ಭುಜ ಹಿಂದಕ್ಕೆ ತೆಗೆದುಕೊಂಡರು.

"ನಿಲ್ಸಮ್ಮಾ. ಮೊದ್ಲು ನೀಯತ್ ಮಾಡ್ಕೊ."

ಮಾಡುತ್ತಿರುವುದು ಏತಕ್ಕಾಗಿ ಎಂದು ಶುರುಮಾಡುವ ಮೊದಲೇ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುವುದಕ್ಕೆ ಅವರ ಉರ್ದುವಿನಲ್ಲಿ ಹಾಗೆನ್ನುತ್ತಾರೆ. ನಮಾಜಿಗೂ ಮೊದಲು ಅದೇ.

"ಕ್ಷಮೆ ಕೇಳೋ ಕೈ ಬೇಡ ನಂಗೆ, ಅದು ಸುಮ್ನೆ ಸವರುತ್ತೆ. ಭುಜ ಎತ್ಸೋ ಕೈ ಬೇಕು. ಜೋರಾಗಿ ಒತ್ತಮ್ಮಾ, ಅವತ್ತು ಎಲ್ಲಿಂದ ಬಂದಿತ್ತು ಶಕ್ತಿ?"

ಇಬ್ಬರೂ ನಕ್ಕೆವು. ಒತ್ತಿದೆ.

ಧಾರವಾಡದಲ್ಲಿ ನಮ್ಮ ಕರಾಟೆ ಸರ್, "ವಿಚಾರ ಮಾಡಾಕ ಹೋದ್ರ ತಡ ಆಗತೈತಿ, ಕೈ ತಾನ ಹೋಗಬೇಕು" ಎನ್ನುತ್ತಿದ್ದರು. ನನ್ನ ಕೈ ತಾನೇ ಹೋಯಿತೆಂದು ಬಹಳ ದಿನ ಸಮಾಧಾನ ಹೇಳಿಕೊಂಡೆ. ಆ ಭುಜ ನೀವುತ್ತಾ ನೀವುತ್ತಾ ಬೇರೆಯೇ ಹೊಳೆಯಿತು. ಈ ಊರಿಗೆ ಇಳಿದ ದಿನವೇ, ಇಲ್ಲಿ ನನ್ನನ್ನು ಮುಟ್ಟುವವರೆಲ್ಲ ಕೆಟ್ಟವರೇ ಎಂದು ನಿರ್ಧರಿಸಿಕೊಂಡಿದ್ದೆ. ಕೈ ಅದನ್ನು ಪಾಲಿಸಿತ್ತು, ಅಷ್ಟೇ.

"ಎರಡು ಸಲ ಕೂಗ್ದೆ ಕಣಮ್ಮಾ, ಜರಗು ಜರಗು ಅಂತ" ಎಂದರು ಅವರೊಮ್ಮೆ. ಪಕ್ಕಕ್ಕೆ ಸರಿ ಎನ್ನುವುದಕ್ಕೆ ಇಲ್ಲಿನ ತೆಲುಗು ಮಾತು ಅದು. ನಾನು ಕೇಳಿಸಿಕೊಂಡಿರಲೇ ಇಲ್ಲ.

ನೀವುವುದು ಮುಗಿದ ಮೇಲೆ ಊಟ. ಜೋಳದ ರೊಟ್ಟಿಯನ್ನು ಜಗಿದು ಬೆಳೆದ ನನಗೆ ರಾಗಿಮುದ್ದೆಯನ್ನು ಮಸ್ಸೊಪ್ಪಿನಲ್ಲಿ ಹೊರಳಿಸಿ ಹಾಗೆಯೇ ನುಂಗಲು ಕಲಿಸಿದವರೂ ಅವರೇ. ಮೊದಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಎರಡನೆಯದು ಕೇಳತೊಡಗಿದೆ.

ಆರನೆಯ ವಾರದ ಒಂದು ಮಂಗಳವಾರ, ಚಹಾಕ್ಕೆಂದು ಖೈರುನ್‌ಬೀ ಮೇಲಿನ ಹಲಗೆಯಿಂದ ಸಕ್ಕರೆ ಡಬ್ಬ ಇಳಿಸಿದರು. ಬಲಗೈಯಲ್ಲಿ ಇಳಿಸಿದ್ದೆಂದು ಇಬ್ಬರಿಗೂ ಗೊತ್ತಾದದ್ದು ಡಬ್ಬ ಕೆಳಗಿಟ್ಟ ಮೇಲೆ. ಮತ್ತೊಮ್ಮೆ ಎತ್ತಿ ತೋರಿಸಿದರು, ಕಿವಿಯ ಪಕ್ಕ ನೇರವಾಗಿ.

"ನಾಳೆ ಬರ್ತೀಯೇನಮ್ಮಾ?"

"ಬರ್ತೀನಿ" ಅಂದೆ, ಅವರ ಮಾತಿನ ಧಾಟಿಯಲ್ಲೇ.

ಆ ರಾತ್ರಿ ಮಲಗಿದವಳು ಎದ್ದದ್ದು ಬಿಸಿಲು ಹಾಸಿಗೆಗೆ ಬಂದ ಮೇಲೆ. ಅವ್ವ ನಾಲ್ಕು ಸಲ ಫೋನ್ ಮಾಡಿದ್ದಳು. ತಿರುಗಿ ಮಾಡಿದೆ.

"ಆಕಿ ಕೈ ಹೆಂಗೈತಿ ಈಗ?" ಎಂದಳು.

"ಇನ್ನೂ ಪೂರ್ತಿ ಏರಿಲ್ಲವ್ವಾ" ಎಂದೆ.