ತಿಲಕವತಿ ಅಳಿಸಿದ ಚಿತ್ರಗಳು

ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಹತ್ತು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ತಿಲಕವತಿ ಹಳೆಯ ಲ್ಯಾಪ್‌ಟಾಪಿಗೆ ಹೊರಗಿನಿಂದ ಚುಚ್ಚಿದ್ದ ಡಿಸ್ಕನ್ನು ಕಿತ್ತಳು. ತೆಗೆದಳು ಅನ್ನುವ ಹಾಗಿಲ್ಲ, ಕಿತ್ತಳು. ಚಿತ್ರಗಳು ಎಷ್ಟು ಸಾಗಿವೆ ಎಂದು ತೋರಿಸುವ ಹಸಿರು ಪಟ್ಟಿ ಪರದೆಯ ತುದಿ ಮುಟ್ಟಿ ಮಾಯವಾಗಿತ್ತು ನಿಜ, ಆದರೆ ಡಿಸ್ಕಿನ ಪುಟ್ಟ ದೀಪ ಇನ್ನೂ ಮಿಣುಕುತ್ತಿತ್ತು. ದೀಪ ಆರಲಿ ಅಂತ ಕೂತರೆ ರಾಹು ಕಾಯುತ್ತಾನೆಯೇ? ಹೊಸ ಯಂತ್ರದಲ್ಲಿ ಮೊದಲ ಚಿತ್ರ ತೆರೆಯುವುದು ಒಳ್ಳೆಯ ಗಳಿಗೆಯಲ್ಲೇ ಆಗಬೇಕಲ್ಲ.

"ಇನ್ನೆರಡೇ ನಿಮಿಷ ಕಣೇ!" ಒಳಗೆ ಮಗ್ಗದ ಗುಂಡಿಯಲ್ಲಿ ಕೂತಿದ್ದ ಗಂಡ ಪೊನ್ನಂಬಲಂ ಕೂಗಿದ. "ರಾಹು ಆಗಲೇ ಬೀದಿ ತಿರುವಿಗೆ ಬಂದವ್ನೆ. ಒಂದು ಲೋಟ ಕಾಫಿ ಸಿಗುತ್ತಾ ಅಂತ ಕೇಳ್ತಾವ್ನೆ."

"ನಿಮ್ಮ ಬಾಯಿಗೆ ನೂಲಿನುಂಡೆ ಹಾಕ! ಸುಮ್ನಿರಿ ಸ್ವಲ್ಪ."

ಹೊಸ ಲ್ಯಾಪ್‌ಟಾಪಿಗೆ ಬೆಳಿಗ್ಗೆಯೇ ಗಂಧ ಕುಂಕುಮ ಆಗಿತ್ತು. ಚಿತ್ರ ಬರೆಯುವ ಪ್ರೋಗ್ರಾಂ ಹಿಂದಿನ ದಿನವೇ ಸಾಧುವಾಗಿ ಬಂದು ಕೂತಿತ್ತು. ಇನ್ನು ಬರಬೇಕಾದ್ದು ಚಿತ್ರಗಳು ಮಾತ್ರ, ನಾನೂರ ಹನ್ನೆರಡು. ಅವಳು ಡಿಸ್ಕನ್ನು ಚುಚ್ಚಿದಳು. ಇದನ್ನು ಓದಲಾಗುತ್ತಿಲ್ಲ, ಎಲ್ಲ ಒರೆಸಿ ಹೊಸದಾಗಿ ಸಜ್ಜು ಮಾಡಲೇ ಎಂದು ಯಂತ್ರ ಕೇಳಿತು. ಬೇಡ ಅಂದಳು. ತೆಗೆದು ಸೆರಗಿನಿಂದ ಒರೆಸಿ ಮತ್ತೆ ಚುಚ್ಚಿದಳು. ಅದೇ ಪ್ರಶ್ನೆ. ಮೂರನೆಯ ಸಲವೂ ಅದೇ. ಹಳೆಯದರ ಕಡೆ ತಿರುಗಿ ನೋಡಿದರೆ ಚಿತ್ರಗಳಿದ್ದ ಜಾಗ ಖಾಲಿ.

ಖಾಲಿಯಾಗದೆ ಇನ್ನೇನು? ಬೇರೆ ಯಾರಾದರೂ ಆಗಿದ್ದರೆ ಹಳೆಯದರಲ್ಲಿ ಒಂದು ಪ್ರತಿ ಬಿಟ್ಟು ಹೊಸದಕ್ಕೆ ಇನ್ನೊಂದು ಹಾಕುತ್ತಿದ್ದರು. ತಿಲಕವತಿ ಹಾಗೆ ಮಾಡುವವಳಲ್ಲ. ಅಲ್ಲಿಂದ ಎತ್ತಿ ಇಲ್ಲಿಗೆ ಇಟ್ಟಳು. ಕಾಂಚೀಪುರದ ಪಿಳ್ಳೈಯಾರ್‌ಪಾಳ್ಯದಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳಿಗೆ ಅಂಚು, ಸೆರಗು ಬರೆದುಕೊಡುವುದು ಅವಳ ಕಸುಬು. ಸಿಂಹದ ಮೈಗೆ ಆನೆಯ ಸೊಂಡಿಲಿರುವ ಯಾಳಿ, ಹಂಸ, ಎರಡು ತಲೆಯ ಹಕ್ಕಿ, ಎಲ್ಲವನ್ನೂ ಚೌಕಳಿ ಚೌಕಳಿಯಾಗಿ ತುಂಬಬೇಕು. ಅಪ್ಪ ಏಕಾಂಬರಂ ಇದೇ ಕೆಲಸವನ್ನು ಗ್ರಾಫ್ ಹಾಳೆಯ ಮೇಲೆ ಕುಂಚದಲ್ಲಿ ಮಾಡುತ್ತಿದ್ದರು. ಒಂದು ಮನೆ ಚಿತ್ರವನ್ನು ಕೊಂಡಿತೆಂದರೆ ಹಾಳೆ ಆ ಮನೆಯವರ ಕೈಗೆ, ಕರಡು ಹಾಳೆ ಬೆಂಕಿಗೆ. ಚಿತ್ರ ಎರಡು ಕಡೆ ಇದ್ದರೆ ಅದರಲ್ಲೊಂದು ಕದ್ದದ್ದೇ ಎಂದು ಆ ಬೀದಿಯ ಲೆಕ್ಕ.

ಮಗಳ ಕಾಲಕ್ಕೆ ಬೆಂಕಿ ಹೋಯಿತು, ಕಂಪ್ಯೂಟರ್ ಬಂತು. ಕೊಂಡ ಮನೆಯವರು ಐದು ಜನ ಅವಳ ಪಕ್ಕ ಕೂರಬೇಕು. ಅವರ ಕಣ್ಣೆದುರೇ ಚಿತ್ರ ಅಳಿಸಿ, ಕಸದ ಬುಟ್ಟಿಯನ್ನೂ ಬರಿದು ಮಾಡಿ, ತಟ್ಟೆಯಲ್ಲಿ ಉರಿಯುವ ಕರ್ಪೂರದ ಮೇಲೆ ಕೈಯಿಟ್ಟು "ನನ್ನ ಹತ್ರ ಇಲ್ಲ" ಅನ್ನುತ್ತಿದ್ದಳು. ಇಲಿ ಕಾಟಕ್ಕೋ ದಾಯಾದಿ ಕಾಟಕ್ಕೋ ಹೆದರಿ ತಮ್ಮ ಚಿತ್ರವನ್ನು ಅವಳ ಬಳಿಯೇ ಬಿಟ್ಟ ಮನೆಗಳೂ ಇದ್ದವು. ಆ ನಾನೂರ ಹನ್ನೆರಡು ಅವೇ. ಅವಕ್ಕೆ ಬೇರೆಲ್ಲೂ ಪ್ರತಿ ಇರಲಿಲ್ಲ. ಅವರೆಲ್ಲ ನಂಬಿದ್ದು ಯಂತ್ರವನ್ನಲ್ಲ, ತಿಲಕವತಿಯ ಮಾತನ್ನು.

ಆ ಮಾತಿಗೆ ಬೆಲೆ ಬಂದ ದಿನವೊಂದಿದೆ. ಎಂಟು ವರ್ಷದ ಹಿಂದೆ ವೇದಾಚಲಂ ಮನೆಯವರು ಒಂದು ಯಾಳಿ ಅಂಚು ಕೊಂಡರು. ತಿಲಕವತಿ ಅವರೆದುರೇ ಅಳಿಸಿದಳು. ಮಗ್ಗಕ್ಕೆ ಹಾಕುವ ರಟ್ಟುಗಳಿಗೆ ಆ ಚಿತ್ರದ ಪ್ರಕಾರ ತೂತು ಹೊಡೆದವನು ಅವಳ ಸ್ವಂತ ತಮ್ಮ ಕುಮರಗುರು. ಮೂರೇ ತಿಂಗಳು. ಅದೇ ಯಾಳಿ, ಅದೇ ಬಾಲದ ಸುರುಳಿ, ಯಾವುದೋ ಪವರ್‌ಲೂಮಿನ ಅಗ್ಗದ ಸೀರೆಯ ಮೇಲೆ ಮದ್ರಾಸಿನ ಫುಟ್‌ಪಾತಿನಲ್ಲಿ ಸಿಕ್ಕಿತು. ನೇಕಾರರ ಸಂಘದಲ್ಲಿ ಪಂಚಾಯ್ತಿ ಕೂತಿತು. ತಿಲಕವತಿ ಕರ್ಪೂರ ಹಚ್ಚಿಸಿ, "ನಿಮ್ಮೆದುರೇ ಅಳಿಸಿದೀನಿ. ನನ್ನ ಕಡೆಯಿಂದ ಹೋಗಿಲ್ಲ" ಅಂದಳು. ತಮ್ಮನ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಚಿತ್ರ ಕೈಗೆ ಬಂದವರಲ್ಲಿ ಉಳಿದವನು ಅವನೊಬ್ಬನೇ. ಎಲ್ಲರ ಕತ್ತೂ ಅವನ ಕಡೆ ತಿರುಗಿದಾಗ ಅವನ ಮುಖ ಬಿಳುಚಿತು. "ನನ್ನಿಂದ ಹೋಗಿಲ್ಲ" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಜನ ಪಿಸುಗುಟ್ಟಿದರು.

ಅಂದಿನಿಂದ ಅವನಿಗೆ ಯಾರೂ ರಟ್ಟು ಕೊಡಲಿಲ್ಲ. ಅಪ್ಪ ಅವನ ಕೈಯ ನೀರು ಮುಟ್ಟಲಿಲ್ಲ. ನಾಲ್ಕು ವರ್ಷದ ಹಿಂದೆ ಅವರು ಸತ್ತಾಗ ಕೊಳ್ಳಿ ಇಟ್ಟದ್ದು ಅಳಿಯ ಪೊನ್ನಂಬಲಂ. ಮಗ ಸುಡುಗಾಡಿನ ಗೇಟಿನ ಹೊರಗೆ ನಿಂತಿದ್ದ. ಬೀದಿಯವರು ಮಾತ್ರ, ಸತ್ಯ ಅಂದರೆ ತಿಲಕವತಿಯದು, ಒಡಹುಟ್ಟಿದವನನ್ನೂ ಬಿಡಲಿಲ್ಲ ನೋಡು ಅಂದರು. ಅವಳಿಗೂ ಆ ಮಾತು ಸಿಹಿಯಾಗಿಯೇ ಇತ್ತು, ಇಲ್ಲ ಎಂದರೆ ಸುಳ್ಳಾದೀತು.

ಈಗ ಆ ಸತ್ಯವಂತೆ ಎರಡು ಯಂತ್ರಗಳ ನಡುವೆ ಕೂತು ನಾಲ್ಕನೆಯ ಸಲ ಡಿಸ್ಕು ಚುಚ್ಚುತ್ತಿದ್ದಳು.

"ಹೋಯ್ತಾ?" ಮಗ್ಗದಿಂದ ಎದ್ದು ಬಂದ ಪೊನ್ನಂಬಲಂಗೆ ಹೆಂಡತಿಯ ಮುಖ ನೋಡಿದ ಮೇಲೆ ತಮಾಷೆ ಹೊರಡಲಿಲ್ಲ.

"ಎಲ್ಲಾ ಹೋಯ್ತು. ಚಿತ್ರ ಬಿಟ್ಟಿರೋ ಮನೆಯೋರಿಗೆಲ್ಲ ಏನಂತ ಹೇಳ್ಲಿ? ಮಾರ್ಕೊಂಡ್ಳು ಅಂತಾರೆ ರೀ. ಮಾರ್ಕೊಂಡು ಕಳೀತು ಅಂತ ನಾಟಕ ಆಡ್ತಾವ್ಳೆ ಅಂತಾರೆ."

"ಮೊದ್ಲು ಆ ಹಳೇದನ್ನ ಮುಚ್ಚು. ಬಸ್ ಸ್ಟ್ಯಾಂಡ್ ಹತ್ರ ನಜೀರ್ ಬಾಯ್ ಅವ್ರೆ, ಅವ್ರಿಗೆ ತೋರ್ಸು. ಹೊರಡು."

ಹುಟ್ಟಿದಾಗಿನಿಂದ ರಾಹುಕಾಲದಲ್ಲಿ ಹೊಸ್ತಿಲು ದಾಟದವಳು ಅಂದು ದಾಟಿದಳು. ಹಳೆಯ ಲ್ಯಾಪ್‌ಟಾಪನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ನಡೆದಳು. ಎದುರಾದವರು "ಎಲ್ಗೆ ಅಕ್ಕಾ, ಈ ಹೊತ್ನಲ್ಲಿ?" ಅಂದರೆ ಬಸ್ ಸ್ಟ್ಯಾಂಡಿನ ಕಡೆ ಬೆರಳು ತೋರಿಸಿದಳು.

ನಜೀರ್ ಬಾಯ್ ಕಂಪ್ಯೂಟರ್ ರಿಪೇರಿಯವರು, ಅರವತ್ತು ದಾಟಿದವರು. ಕನ್ನಡಕವನ್ನು ಹಣೆಗೇರಿಸಿ ಅವಳ ಕಥೆಯನ್ನೆಲ್ಲ ಕೇಳಿದರು.

"ಆಮೇಲೆ ಇದ್ರಲ್ಲಿ ಏನಾದ್ರೂ ಹೊಸದಾಗಿ ತುಂಬಿದ್ರಾ?"

"ಮುಟ್ಟೇ ಇಲ್ಲ ಬಾಯ್."

"ಹಂಗಾದ್ರೆ ಟೀ ಕುಡೀರಿ. ಎಲ್ಲೂ ಹೋಗಿರಲ್ಲ."

"ಜಾಗ ಖಾಲಿ ಇತ್ತು. ನಾನೇ ಕಣ್ಣಾರೆ ನೋಡಿದೀನಿ."

"ಅಳಿಸೋದು ಅಂದ್ರೆ ಏನಂದ್ಕೊಂಡ್ರಿ ತಂಗಿ? ಬಾಗಿಲ ಮೇಲಿನ ಹೆಸರಿನ ಹಲಗೆ ಕಿತ್ತಂಗೆ, ಅಷ್ಟೇ. ಒಳಗಿರೋರು ಒಳಗೇ ಇರ್ತಾರೆ. ಆ ಮನೆಗೆ ಬೇರೆಯೋರು ಬಂದು ಸೇರ್ಕೊಂಡ್ರೆ ಮಾತ್ರ ಕಷ್ಟ."

ಮೂರು ಗಂಟೆ ಹಿಡಿಯಿತು. ಟೀ ತಣ್ಣಗಾಗಿ ಕೆನೆ ಕಟ್ಟಿತು. ಕುಲದೈವಕ್ಕೆ ಏನೇನು ಹರಕೆ ಹೊತ್ತಳೋ ಅವಳಿಗೇ ನೆನಪಿಲ್ಲ. ಕೊನೆಗೆ ಪರದೆಯ ಮೇಲೆ ಒಂದೊಂದಾಗಿ ಹೆಸರುಗಳು ಇಳಿಯತೊಡಗಿದಾಗ ಅವಳ ಕಣ್ಣು ತುಂಬಿತು.

"ನಾನೂರ ಹನ್ನೆರಡು ಅಂದ್ರಲ್ವಾ?" ನಜೀರ್ ಬಾಯ್ ನಕ್ಕರು. "ಸಾವಿರದ ಇನ್ನೂರು ಚಿಲ್ರೆ ಇದೆ. ನಿಮ್ಮದೂ ಬಂತು, ಬಡ್ಡೀನೂ ಬಂತು."

ತಿಲಕವತಿ ಬಗ್ಗಿ ನೋಡಿದಳು. ಸುಂದರೇಶನ ಮನೆಯ ರುದ್ರಾಕ್ಷಿ ಅಂಚು. ಅದನ್ನು ಐದು ವರ್ಷದ ಹಿಂದೆ ಅಳಿಸಿದ್ದಳು. ಕೆಳಬೀದಿಯವರ ಹಂಸದ ಸೆರಗು, ಅದನ್ನೂ ಅಳಿಸಿದ್ದಳು. ಅಂಗೈ ಬೆಂಕಿಯ ಮೇಲಿಟ್ಟು ಇಲ್ಲ ಎಂದವೆಲ್ಲ ಸಾಲಾಗಿ ಕೂತು ಅವಳನ್ನೇ ನೋಡುತ್ತಿದ್ದವು. ಬಂದ ಜೀವ ಮತ್ತೆ ಹೋಯಿತು.

"ಇವೆಲ್ಲ ನಾನು ಅಳಿಸಿದ್ದು ಬಾಯ್. ಬುಟ್ಟೀನೂ ಖಾಲಿ ಮಾಡಿದ್ದೆ."

"ಅದಕ್ಕೇ ಹೇಳಿದ್ದು, ಹಲಗೆ ಮಾತ್ರ ಹೋಗೋದು ಅಂತ."

"ಹಿಂಗೆ ಅಳಿಸಿದ ಕಂಪ್ಯೂಟರನ್ನ ಯಾರಾದ್ರೂ ಅಂಗಡೀಗೆ ಎಕ್ಸ್‌ಚೇಂಜ್‌ಗೆ ಕೊಟ್ರೆ?"

"ಕೊಂಡೋನಿಗೆ ವಿದ್ಯೆ ಗೊತ್ತಿದ್ರೆ ಹಬ್ಬ."

ಇದಕ್ಕೂ ಮೊದಲು ಅವಳ ಬಳಿ ಇನ್ನೊಂದು ಕಂಪ್ಯೂಟರ್ ಇತ್ತು. ವೇದಾಚಲಂ ಮನೆಯ ಯಾಳಿಯನ್ನು ಬರೆದದ್ದು, ಅಳಿಸಿದ್ದು ಅದರಲ್ಲಿ. ಅಳಿಸಿದ ತಿಂಗಳಿಗೇ ದೀಪಾವಳಿ ಬಂತು. ಹಳೆಯದು ಕೊಟ್ಟು ಹೊಸದು ಒಯ್ಯಿರಿ ಎಂದು ಮದ್ರಾಸಿನ ಯಾವುದೋ ಅಂಗಡಿ ಸಾರುತ್ತಿತ್ತು. ಅವಳು ಅದನ್ನು ಕೊಟ್ಟು ಈ ಲ್ಯಾಪ್‌ಟಾಪ್ ತಂದಳು. ಕೊಡುವ ಮುಂಚೆ ಎಲ್ಲ ಅಳಿಸಿ, ಅರಿಸಿನ ಕುಂಕುಮ ಹಚ್ಚಿ, ತವರಿನಿಂದ ಹೆಣ್ಣನ್ನು ಕಳಿಸಿದಂತೆ ಕಳಿಸಿದ್ದಳು. ಫುಟ್‌ಪಾತಿನಲ್ಲಿ ಆ ಸೀರೆ ಸಿಕ್ಕಿದ್ದು ಅದಾದ ಎರಡು ತಿಂಗಳಿಗೆ.

"ಈ ಹೆಚ್ಚಿಗೆ ಬಂದಿದ್ದೆಲ್ಲ ನಿಮಗೆ ಬೇಡದ್ದು ತಾನೇ? ಬಿಟ್ಬಿಡ್ಲಾ?" ನಜೀರ್ ಬಾಯ್ ಕೇಳಿದರು.

"ಬಿಡಿ. ಹಂಗೇ ಅಲ್ಲ, ಮತ್ತೆ ಯಾರಿಗೂ ಸಿಗದಂಗೆ ಮಾಡಿ. ಅದಾಗೋವರೆಗೂ ಯಂತ್ರ ನಿಮ್ಮ ಹತ್ರಾನೇ ಇರ್ಲಿ."

ಅವಳ ನಾನೂರ ಹನ್ನೆರಡು ಪುಟ್ಟದೊಂದು ಹೊಸ ಡಿಸ್ಕಿನಲ್ಲಿ ಕೈಚೀಲ ಸೇರಿದವು. ಸುಮ್ಮನೆ ಮನೆಗೆ ಹೋಗಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನಜೀರ್ ಬಾಯ್‌ಗೆ ಯಾಳಿಯ ವಿಷಯ ಗೊತ್ತಿಲ್ಲ, ಬೀದಿಗೆ ಹಲಗೆಯ ವಿಷಯ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನಿಂದ ಕೊಳದವರೆಗೂ ಅವಳು ಹಾಗೆಯೇ ಅಂದುಕೊಂಡು ನಡೆದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಳಿಸಿದ್ದೇನೆ ಎಂದು ಅವಳು ಆಡಿದ ಮಾತೊಂದೂ ನಿಜವಲ್ಲ ಎಂದು ತಿಳಿದರೆ ನಾಳೆ ಅವಳ ಬಾಗಿಲಿಗೆ ಯಾರು ಬರುತ್ತಾರೆ? ಕೊಳದ ಬಳಿ ಎಡಕ್ಕೆ ತಿರುಗಿದರೆ ಮನೆ. ಅವಳು ಬಲಕ್ಕೆ ತಿರುಗಿದಳು. ಧೈರ್ಯದಿಂದಲ್ಲ. ಮನೆಗೆ ಹೋಗಿ ಗಂಡನ ಮುಖ ನೋಡಿದರೆ ಇನ್ನು ಯಾವತ್ತೂ ಆ ಕಡೆ ಕಾಲು ಏಳುವುದಿಲ್ಲ ಎಂಬ ಭಯದಿಂದ.

ಕುಮರಗುರು ಬಾಡಿಗೆ ಮನೆಯ ಮುಂದೆ ತನ್ನ ಷೇರ್ ಆಟೋ ತೊಳೆಯುತ್ತಿದ್ದ. ಅಕ್ಕನನ್ನು ಕಂಡು ಅವನ ಕೈಯ ಬಟ್ಟೆ ಬಕೆಟ್ಟಿಗೆ ಬಿತ್ತು.

"ಭಾವನಿಗೇನಾದ್ರೂ ಆಯ್ತಾ?"

ಎಂಟು ವರ್ಷದ ಮೇಲೆ ಅವನಾಡಿದ ಮೊದಲ ಮಾತು ಅದು. ಸಾವಾಗದೆ ಅಕ್ಕ ತನ್ನ ಬಾಗಿಲಿಗೆ ಬರುವುದಿಲ್ಲ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

"ಇಲ್ಲ ಕಣೋ. ಚೆನ್ನಾಗವ್ರೆ." ಅವಳು ಮೆಟ್ಟಿಲ ಮೇಲೆ ಕುಸಿದಳು. ನಿಂತು ಹೇಳಬೇಕಾದ್ದನ್ನು ಕೂತೇ ಹೇಳಿದಳು, ಡಿಸ್ಕು, ನಜೀರ್ ಬಾಯ್, ಸಾವಿರದ ಇನ್ನೂರು ಹೆಸರು, ದೀಪಾವಳಿಗೆ ಕೊಟ್ಟ ಕಂಪ್ಯೂಟರ್. ಅವನು ಕುಕ್ಕರಗಾಲಲ್ಲಿ ಕೂತು, ತೊಳೆದಿದ್ದ ಚಕ್ರವನ್ನೇ ಮತ್ತೆ ತೊಳೆಯುತ್ತ ಕೇಳಿದ.

"ನನ್ನಿಂದ ಹೋಗಿದ್ದು ಕಣೋ ಆ ಯಾಳಿ. ನಿನ್ನಿಂದಲ್ಲ. ದೇವರಾಣೆ ನನಗೆ ಗೊತ್ತಿರ್ಲಿಲ್ಲ."

"ನನಗೆ ಗೊತ್ತಿತ್ತು," ಅಂದ ಅವನು. "ನನ್ನಿಂದ ಹೋಗಿಲ್ಲ ಅನ್ನೋದಷ್ಟೇ ಗೊತ್ತಿತ್ತು. ಹೇಳಿದ್ನಲ್ಲಕ್ಕಾ ಅವತ್ತು. ನೀನೂ ಕೇಳಿಸ್ಕೊಂಡೆ."

ತಿಲಕವತಿಗೆ ಅಳು ಬರಲಿಲ್ಲ, ಬಂದಿದ್ದರೆ ಸುಲಭವಾಗುತ್ತಿತ್ತು. "ಐದು ಗಂಟೆಗೆ ಸಂಘದ ಬಾಗಿಲು ತೆಗೀತಾರೆ. ಎಲ್ಲರೆದುರೂ ಹೇಳ್ತೀನಿ. ನೀನೂ ಬಾ."

"ನಾನ್ಯಾಕೆ? ಹೋಗಿ ಹೇಳು, ಬೇಡ ಅನ್ನಲ್ಲ." ಅವನು ಬಟ್ಟೆ ಹಿಂಡಿದ, ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದ. "ಸಂಘಕ್ಕೆ ನೀನು ಹೇಳ್ತೀಯ. ಅಪ್ಪನಿಗೆ ಯಾರಕ್ಕಾ ಹೇಳ್ತಾರೆ?"

ಅವನು ಬಕೆಟ್ಟಿನ ನೀರನ್ನು ಚರಂಡಿಗೆ ಚೆಲ್ಲಿ ಒಳಗೆ ಹೋದ. ಒಳಗಿನಿಂದ ಬಾ ಎಂದು ಯಾರೂ ಕರೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಐದಕ್ಕೆ ಹತ್ತು ನಿಮಿಷವಿದ್ದಾಗ ತಿಲಕವತಿ ಗೋಡೆ ಹಿಡಿದು ಎದ್ದಳು, ಒಬ್ಬಳೇ ಸಂಘದ ಕಡೆಗೆ ನಡೆದಳು.