ಡ್ರೈವರ್ ಮಾಮ ಮುಚ್ಚಿದ ಗೇಟು

ಬಾಗಿಲು ಮುಚ್ಚಿದೆಯೇ ಎಂದು ನೋಡದೆ ಅವರು ಎಂದೂ ಬಸ್ಸು ಬಿಟ್ಟವರಲ್ಲ. ಕಂಡಕ್ಟರ್ ಸೀಟಿ ಊದಿದರೂ ಕನ್ನಡಿಯಲ್ಲಿ ಒಮ್ಮೆ ಬಾಗಿಲನ್ನು ನೋಡಿಯೇ ಗೇರು ಹಾಕುತ್ತಿದ್ದರು. ತೆರೆದ ಬಾಗಿಲಿನಿಂದ ಜನ ಉರುಳಿಬಿದ್ದ ಕತೆಗಳು ಡಿಪೋದಲ್ಲಿ ಬೇಕಾದಷ್ಟಿದ್ದವು. ಅವರ ಬಸ್ಸಿನಿಂದ ಮಾತ್ರ ಒಬ್ಬರೂ ಬಿದ್ದಿರಲಿಲ್ಲ. ಕೈಗೆ ಅಂಟಿದ ಈ ಅಭ್ಯಾಸ ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಮದುವೆ ಮನೆಗೆ ಹೋದರೂ ಎದ್ದುಹೋಗಿ ಅಡುಗೆಯವರ ಕಡೆಯ ಬಾಗಿಲು ಮುಚ್ಚಿ ಬರುವ ಮನುಷ್ಯ ಎಂದು ಹೆಂಡತಿ ನಗುತ್ತಾರೆ.

ಕೆಲಸ ಬಿಟ್ಟ ವರ್ಷವೇ ಅವರು ದಪ್ಪ ಟೈರಿನ ಸೈಕಲ್ ಕೊಂಡರು. ಟಾರು ರಸ್ತೆಯನ್ನು ಕಂಡರಾಗದು, ಹಾರ್ನ್ ಕೇಳಿದರೆ ಇನ್ನೂ ಆಗದು. ಪಟ್ಟಣದ ಹಿಂದಿನ ಹಳೆಯ ಕಲ್ಲುಗಣಿಯ ಪಕ್ಕದಿಂದ ಒಂದು ಜಲ್ಲಿ ದಾರಿ ಹೊರಡುತ್ತದೆ. ಅದು ಕಾಲುವೆಯ ಏರಿ ಹಿಡಿದು, ಹುಲ್ಲುಗಾವಲುಗಳ ನಡುವೆ ಹಾದು, ಕಮಾನಿನ ಕಲ್ಲುಸೇತುವೆ ದಾಟಿ ಒಂದು ಹಳೆಯ ಊರು ಸೇರುತ್ತದೆ. ಸೇತುವೆ ಲಾರಿಯ ಭಾರ ತಾಳುವುದಿಲ್ಲವಾದ್ದರಿಂದ ಆ ಕಡೆ ವಾಹನಗಳೇ ಇಲ್ಲ. ಊರೊಳಗೆ ಕಲ್ಲು ಹಾಸಿದ ಬೀದಿ, ಅರ್ಧ ಕುಸಿದ ಕಾವಲು ಗೋಪುರ, ಕಟ್ಟಿದವರ ಹೆಸರು ಕೆತ್ತಿದ ಬಾಗಿಲವಾಡಗಳು. ಭಾನುವಾರ ಅವರ ಹಿಂದೆ ಒಂದು ಸಣ್ಣ ಗುಂಪು ಹೊರಡತೊಡಗಿತು: ಹಲ್ಲಿನ ಡಾಕ್ಟರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಇಬ್ಬರು ಗೆಳತಿಯರು, ಒಬ್ಬ ದರ್ಜಿ. ಎಲ್ಲರಿಗೂ ಅವರು ಡ್ರೈವರ್ ಮಾಮ.

ದಾರಿ ಸಾಗುವುದು ಬೇರೆಯವರ ಹುಲ್ಲುಗಾವಲುಗಳ ಮೂಲಕ. ಬೇಲಿಗೊಂದು ಗೇಟು. ಕೊನೆಯ ಸೈಕಲ್ ದಾಟುವವರೆಗೆ ಮಾಮ ಗೇಟು ಹಿಡಿದು ನಿಲ್ಲುತ್ತಿದ್ದರು, ಆಮೇಲೆ ಸರಪಳಿ ಸಿಕ್ಕಿಸಿ, ಎಳೆದು ನೋಡಿ ಹೊರಡುತ್ತಿದ್ದರು. ಡಾಕ್ಟರು ಒಮ್ಮೆ, "ಮಾಮ, ಟಿಕೆಟ್ ಕೂಡ ಕೊಟ್ಟುಬಿಡಿ" ಎಂದು ಕೆಣಕಿದ್ದುಂಟು. ಆದರೆ ಊರಿನವರು ಈ ಗುಂಪನ್ನು ಒಳಗೆ ಬಿಟ್ಟದ್ದೇ ಆ ಸರಪಳಿಯ ನಂಬಿಕೆಯ ಮೇಲೆ. ಬೇರೆ ಸೈಕಲ್ಲಿನವರು ಬಂದರೆ ಕುರಿಗಳು ಬೇರೆಯವರ ಬೆಳೆಗೆ ನುಗ್ಗುತ್ತಿದ್ದವು. ಮಾಮ ಬಂದುಹೋದರೆ ಒಂದು ಮರಿಯೂ ಆಚೆ ದಾಟುತ್ತಿರಲಿಲ್ಲ. ಸೇತುವೆಯ ಪಕ್ಕದ ಮನೆಯ ಮುದುಕಿ, ಕುರಿಗಳ ಒಡತಿ, ಎದುರಿಗೇ ಹೊಗಳುತ್ತಿದ್ದಳು. ಸ್ವಂತ ಸೊಸೆಗಿಂತ ಈ ಡ್ರೈವರಪ್ಪನೇ ವಾಸಿ ಎನ್ನುತ್ತಿದ್ದಳು. ಸೊಸೆ ಪಕ್ಕದಲ್ಲೇ ಇರುತ್ತಿದ್ದಳು.

ಕಡು ಬೇಸಿಗೆಯ ಒಂದು ಮಧ್ಯಾಹ್ನ, ಅದೇ ಮನೆಯ ಗುಡ್ಡದ ಹುಲ್ಲುಗಾವಲಿನಿಂದ ಇಳಿಯುವಾಗ ಕೆಳಗಿನ ಗೇಟು ಹಾರುಹೊಡೆದಿತ್ತು. ಬುಡಕ್ಕೆ ಒಂದು ಕಲ್ಲು ಕೊಟ್ಟಿದ್ದರು. ಯಾರೋ ಮರೆತು ಹೋಗಿದ್ದಾರೆ ಎಂದುಕೊಂಡ ಮಾಮ ಕಲ್ಲು ಎತ್ತಿಟ್ಟು, ಗೇಟು ಎಳೆದು, ಸರಪಳಿ ಸಿಕ್ಕಿಸಿದರು. ಗೇಟಿನ ಹೊರಗೆ, ಕೆಳಗಡೆ ಒಂದು ಕೊಳ ಇತ್ತು. ಅದನ್ನು ಅವರು ಎಷ್ಟೋ ಸಲ ನೋಡಿದ್ದರು. ಗುಡ್ಡದ ಮೇಲೆ ಬೇರೆಲ್ಲೂ ನೀರಿಲ್ಲ ಎಂಬುದು ಮಾತ್ರ ಅಂದು ಹೊಳೆಯಲಿಲ್ಲ.

ಮುಂದಿನ ಭಾನುವಾರ ಸೇತುವೆಯ ಹತ್ತಿರ ನೀರು ಕುಡಿಯಲು ನಿಂತಾಗ ಮುದುಕಿಯ ದನಿ ಬೀದಿಗೆ ಕೇಳುತ್ತಿತ್ತು. ಹಿಂದಿನ ಭಾನುವಾರ ಕಣ್ಣಿನ ತಪಾಸಣೆಗೆಂದು ಅವಳು ಮಗನ ಜೊತೆ ಪಟ್ಟಣಕ್ಕೆ ಹೋಗಿದ್ದಳಂತೆ. ಕೊಳದ ಗೇಟು ತೆಗೆದಿಡಲು ಸೊಸೆಗೆ ಹೇಳಿ ಹೋಗಿದ್ದಳಂತೆ. ತೆಗೆದಿಟ್ಟರೆ ಬಾಯಾರಿದ ಕುರಿಗಳು ತಾವೇ ಇಳಿದು ಬರುತ್ತವೆ. ಮರುದಿನ ಸಂಜೆ ಬಂದು ನೋಡಿದರೆ ಸರಪಳಿ ಹಾಕಿದ್ದು ಹಾಕಿದ ಹಾಗೇ ಇದೆ, ಗೇಟಿಗೆ ಒರಗಿಕೊಂಡು ಕುರಿಗಳು ಸತ್ತು ಬಿದ್ದಿವೆ. ಗಬ್ಬದ ಕುರಿಗಳೂ ಇದ್ದವು. ಸೊಸೆ ತಾನು ತೆಗೆದಿಟ್ಟು ಬಂದೆ ಎನ್ನುತ್ತಾಳೆ. ಮಗುವಿಗೆ ಜ್ವರ ಇದ್ದುದರಿಂದ ಮತ್ತೆ ಹೋಗಿ ನೋಡಲಾಗಲಿಲ್ಲ ಎನ್ನುತ್ತಾಳೆ. ತೆಗೆದ ಗೇಟಿಗೆ ಸರಪಳಿ ಹಾಕಿದ್ದು ದೆವ್ವವೇ ಎಂದು ಮುದುಕಿ ಕೇಳುತ್ತಿದ್ದಳು.

ಸೊಸೆ ಒಳಗಿನಿಂದ ತಂಬಿಗೆ ತಂದು ಮಾಮನ ಕೈಗೆ ಕೊಟ್ಟಳು. ಅವಳ ಕಣ್ಣು ಊದಿತ್ತು. ಮಾಮ ನೀರು ಕುಡಿದರು. ಏನಾದರೂ ಹೇಳಬೇಕಿತ್ತು.

"ಈ ಸಲ ಬಿಸಿಲೂ ಜಾಸ್ತಿ ಅಲ್ವಾಮ್ಮ" ಎಂದರು.

ಅಷ್ಟು ಹೇಳಿ ಸೈಕಲ್ ಹತ್ತಿದರು. ಆ ಒಂದು ಮಾತನ್ನು ಅವರು ಇವತ್ತಿಗೂ ತಮಗೆ ತಾವೇ ಹೇಳಿಕೊಳ್ಳುತ್ತಾರೆ, ಅದೇ ರಾಗದಲ್ಲಿ.

ಸುಮ್ಮನಿರಲು ಕಾರಣಗಳು ಬೇಕಾದಷ್ಟು ಸಿಕ್ಕವು. ಹೇಳಿದರೆ ದಾರಿ ಮುಚ್ಚುತ್ತದೆ, ಗುಂಪಿನವರ ಭಾನುವಾರ ಹಾಳಾಗುತ್ತದೆ; ಹೇಳಿದರೂ ಸತ್ತ ಕುರಿ ಎದ್ದು ಬರುವುದಿಲ್ಲ; ಮನೆಯ ಜಗಳ ನಾಲ್ಕು ದಿನದ್ದು, ತಾನೇ ತಣ್ಣಗಾಗುತ್ತದೆ. ನಿಜವಾದ ಕಾರಣವನ್ನು ಅವರು ಬಹಳ ತಡವಾಗಿ ಒಪ್ಪಿಕೊಂಡರು. ಆ ಊರಿನಲ್ಲಿ ಒಳ್ಳೆಯವನೆನಿಸಿಕೊಂಡು ನಡೆಯುವುದು ಅವರಿಗೆ ಹಿತವಾಗಿತ್ತು.

ಅದರ ಮುಂದಿನ ವಾರ ಕಾಲು ನೋವೆಂದು ಹೇಳಿ ಗುಂಪನ್ನು ಬೇರೆ ದಾರಿಗೆ ಕಳಿಸಿದರು. ಮನೆಯಲ್ಲಿ ಕೂತರೆ ಊಟ ಸೇರದು. ಒಂದು ಮಧ್ಯಾಹ್ನ ಮುಂಬಾಗಿಲು ಹಾಕುವುದನ್ನೇ ಮರೆತರು. ಬೀದಿಯ ಹಸು ಅಡುಗೆಮನೆಯವರೆಗೆ ಬಂದು ತರಕಾರಿ ಬುಟ್ಟಿ ಖಾಲಿ ಮಾಡಿ ಹೋಯಿತು. ಹೆಂಡತಿ ಹಸುವನ್ನು ಅಟ್ಟಿ ಬಂದು ಎದುರಿಗೆ ಕೂತರು. ಇವರು ಬಾಗಿಲು ಮರೆಯಬೇಕಾದರೆ ಏನೋ ಆಗಿರಲೇಬೇಕು ಎಂದು ಪಟ್ಟು ಹಿಡಿದರು. ಮಾಮ ಎಲ್ಲ ಹೇಳಿದರು. ಹೆಂಡತಿ ಖಾಲಿ ಬುಟ್ಟಿಯನ್ನು ಎತ್ತಿ ನೆಟ್ಟಗಿಟ್ಟರು.

"ನಾನೂ ಒಬ್ಬರ ಮನೆ ಸೊಸೆಯಾಗಿ ಬಂದವಳು. ನಾಲ್ಕು ದಿನದ ಜಗಳ ಅಂತೀರಲ್ಲ, ಸುಳ್ಳಿ ಅಂತ ಒಂದು ಸಲ ಹೆಸರು ಬಂದ್ರೆ ಮುದುಕಿ ಆಗೋವರೆಗೂ ಹೋಗಲ್ಲ" ಎಂದರು.

ಮರುದಿನ ಮಾಮ ಒಬ್ಬರೇ ಹೊರಟರು. ಕಾಲುವೆ ಏರಿಯ ಮೇಲೆ ಟೈರಿನಡಿಯ ಜಲ್ಲಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬೇರೆ ದಿನಗಳಲ್ಲಿ ಅದಕ್ಕಾಗಿಯೇ ಬರುತ್ತಿದ್ದರು.

ಮುದುಕಿ ಜಗಲಿಯ ಮೇಲೆ ಉಣ್ಣೆ ಬಿಡಿಸುತ್ತಿದ್ದಳು. ಮಾಮ ನಿಂತೇ ಹೇಳಿದರು: ಗೇಟು ಮುಚ್ಚಿದ್ದು ನಾನು, ನಿಮ್ಮ ಸೊಸೆ ತೆಗೆದಿಟ್ಟಿದ್ದಳು. ಮುದುಕಿಯ ಕೈ ನಿಂತಿತು. ಆಮೇಲೆ ಅವಳು ನಕ್ಕಳು.

"ಕೂತ್ಕೊಳ್ಳಿ ಡ್ರೈವರಪ್ಪ. ಅವಳ ಮುಖ ನೋಡಿ ಕರುಳು ಚುರುಕ್ ಅಂದಿರಬೇಕು ನಿಮಗೆ. ಒಳ್ಳೆಯವರು ನೀವು. ಆದ್ರೆ ಇಲ್ಲದ ತಪ್ಪನ್ನ ಮೈಮೇಲೆ ಎಳ್ಕೋಬೇಡಿ."

ಅವರು ಕೂತು ಮತ್ತೆ ಹೇಳಿದರು. ಮುದುಕಿ ಮತ್ತೆ ಸಮಾಧಾನ ಮಾಡಿದಳು. ಇಷ್ಟು ವರ್ಷ ಗಳಿಸಿದ ಒಳ್ಳೆಯ ಹೆಸರೇ ಅಡ್ಡ ನಿಂತಿತ್ತು. ಸೊಸೆ ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತು ಕೇಳುತ್ತಿದ್ದಳು. ಅವಳು ಹೇಳಿಕೊಟ್ಟು ಕಳಿಸಿದ್ದಾಳೋ ಏನೋ ಎಂಬ ಮಾತೂ ಮುದುಕಿಯ ಬಾಯಿಂದ ಬಂತು. ಸಹಾಯಕ್ಕೆಂದು ಬಂದು ಅವಳ ತಲೆಗೆ ಇನ್ನೊಂದು ತಪ್ಪು ಕಟ್ಟಿದಂತಾಯಿತು. ಮಾಮ ಜಗಲಿ ಬಿಟ್ಟು ಏಳಲಿಲ್ಲ. ಮಗ ಹೊಲದಿಂದ ಬರುವವರೆಗೆ ಕಾದರು.

ಮಗ ಬಂದ, ಕೈಕಾಲು ತೊಳೆದ, ನಿಂತು ಕೇಳಿದ. ಕೋಪ ಮಾಡಿಕೊಳ್ಳಲಿಲ್ಲ.

"ಗೇಟಿಗೆ ಕೊಟ್ಟಿದ್ದ ಕಲ್ಲು ಏನ್ಮಾಡಿದ್ರಿ?"

"ಹಿಂದೆ ಬರೋ ಸೈಕಲ್ಲಿಗೆ ತಾಗುತ್ತೆ ಅಂತ ಗೇಟಿನ ಪಕ್ಕದ ಗೋಡೆ ಮೇಲಿಟ್ಟೆ."

ಅವನು ತಾಯಿಯ ಕಡೆ ತಿರುಗಿದ. ಕುರಿಗಳನ್ನು ಎಳೆದು ಹಾಕುವಾಗಲೇ ಗೋಡೆಯ ಮೇಲಿನ ಕಲ್ಲನ್ನು ತಾನು ಕಂಡಿದ್ದೆ, ಅದನ್ನು ಅಲ್ಲಿ ಯಾರಿಟ್ಟರೆಂದು ಯೋಚನೆ ಬಂದಿತ್ತು ಎಂದ. ಮತ್ತೆ ಯಾಕೆ ಹೇಳಲಿಲ್ಲ ಎಂದು ಯಾರೂ ಕೇಳಲಿಲ್ಲ. ಮುದುಕಿ ಉಣ್ಣೆಯನ್ನು ಬುಟ್ಟಿಗೆ ತುಂಬಿ ಎದ್ದು ಒಳಗೆ ಹೋದಳು. ಹೋಗುವಾಗ ಸೊಸೆಯ ಕೈಯಿಂದ ಮಗುವನ್ನು ಇಸಿದುಕೊಂಡಳು. ಆ ಮನೆಯಲ್ಲಿ ಕ್ಷಮೆ ಕೇಳುವುದು ಬಹುಶಃ ಹಾಗೇ.

ಇನ್ನು ಮೇಲೆ ತಮ್ಮ ಗುಡ್ಡದ ಮೇಲೆ ಸೈಕಲ್ ಬರುವುದು ಬೇಡ ಎಂದು ಮಗ ಹೇಳಿದ. ಮಾಮ ತಲೆಯಾಡಿಸಿದರು. ಅಷ್ಟಾದರೂ ಶಿಕ್ಷೆ ಸಿಕ್ಕಿತಲ್ಲ ಎಂದು ಅವರಿಗೆ ಹಗುರವಾಗತೊಡಗಿತ್ತು. ಸೈಕಲ್ ತಿರುಗಿಸಿ ಸೇತುವೆಯವರೆಗೆ ಬಂದಾಗ ಸೊಸೆ ಹಿಂದಿನಿಂದ ಕೂಗಿದಳು. ಅವಳು ಕೈಮುಗಿಯುತ್ತಾಳೆ, ಬೇಡವೆನ್ನಬೇಕು ಎಂದುಕೊಂಡರಂತೆ.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಅಣ್ಣ, ನೀವು ಬಂದು ಹೇಳಿದ್ದು ಸರಿ. ನಾನು ಇಷ್ಟು ದಿನದಿಂದ ಅದನ್ನೇ ಹೇಳ್ತಿದ್ದೆ. ಇವತ್ತು ಅವರು ನಂಬಿದ್ದು ನಿಮ್ಮನ್ನ, ನನ್ನನ್ನಲ್ಲ."

ಅವಳು ಉತ್ತರಕ್ಕೆಂದು ನಿಲ್ಲಲಿಲ್ಲ. ಕತ್ತಲಾಗುವ ಮೊದಲು ಉಳಿದ ಕುರಿಗಳನ್ನು ಎಣಿಸಿ ಬರಬೇಕು ಎಂದು ಗುಡ್ಡದ ಕಡೆ ಹೊರಟಳು. ಬೆನ್ನ ಹಿಂದೆ ಅವಳ ಗಂಡ, ತಾನೂ ಬರುತ್ತೇನೆಂದು ಕೂಗುತ್ತಿದ್ದ. ಅವಳು ನಡೆಯುತ್ತಲೇ ಇದ್ದಳು.